ನಕ್ಷೆಯಲ್ಲಿ ಸಿಗದ ಬ್ರಾಮಲಿ–ಗೋರ್–ಮಾಲ್ಟನ್

ನಮಸ್ಕಾರ. ಕೆನಡಾದ ಬ್ರಾಂಪ್ಟನ್‌ಗೆ ಬಂದು ಬೇಸ್‌ಮೆಂಟ್ ಬಾಡಿಗೆಗೆ ಹಿಡಿದು, ಹಳೆಯ ಕಾರೊಂದನ್ನು ಕೊಂಡು, ಅದರ ವಿಮೆಯ ಮೊತ್ತ ನೋಡಿ ದಿಗಿಲುಬಿದ್ದಿದ್ದೀರಿ. ವಿಮೆಯ ಮಾತು ಬಂದಾಗ ಮನೆ ಮಾಲೀಕರು ‘ಬ್ರಾಮಲಿ–ಗೋರ್–ಮಾಲ್ಟನ್’ ಚುನಾವಣೆಯನ್ನು ನೆನೆದರಂತೆ. ಹುಡುಕಿದರೆ ಅಂಥ ಕ್ಷೇತ್ರವೇ ಇಲ್ಲ. ಇಲ್ಲಿನ ರಾಜಕೀಯವೆಲ್ಲ ಪಂಜಾಬಿಗಳದ್ದು, ಕನ್ನಡಿಗರಿಗೆ ಅಲ್ಲೇನು ಕೆಲಸ ಎಂದೂ ಕೇಳಿದ್ದೀರಿ. ಈ ಕೊನೆಯ ಪ್ರಶ್ನೆಗಾಗಿಯೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಅದು ಒಂಟಾರಿಯೊ ಪ್ರಾಂತ್ಯದ ಶಾಸನಸಭೆಯ ಕ್ಷೇತ್ರವಾಗಿತ್ತು. ಕ್ಷೇತ್ರವನ್ನು ಇಲ್ಲಿನವರು ರೈಡಿಂಗ್ ಎನ್ನುತ್ತಾರೆ. 1996ರಲ್ಲಿ ಮೈಕ್ ಹ್ಯಾರಿಸ್ ಸರ್ಕಾರ ಶಾಸನಸಭೆಯ ಸ್ಥಾನಗಳನ್ನು 130ರಿಂದ 103ಕ್ಕೆ ಇಳಿಸಲು ಕಾನೂನು ಮಾಡಿ, ಸಂಸತ್ತಿನ ಕ್ಷೇತ್ರಗಳ ಗಡಿಯನ್ನೇ ಪ್ರಾಂತ್ಯಕ್ಕೂ ತೆಗೆದುಕೊಂಡಿತು. ಹಾಗಾಗಿ 1999ರ ಚುನಾವಣೆಗೆ ಬ್ರಾಮಲಿ–ಗೋರ್–ಮಾಲ್ಟನ್–ಸ್ಪ್ರಿಂಗ್‌ಡೇಲ್ ಎಂಬ ಉದ್ದ ಹೆಸರಿನ ಕ್ಷೇತ್ರ ಹುಟ್ಟಿತು. 2007ರಲ್ಲಿ ಗಡಿ ಬದಲಾಗಿ ಹೆಸರಿನಿಂದ ಸ್ಪ್ರಿಂಗ್‌ಡೇಲ್ ಬಿಟ್ಟುಹೋಯಿತು. 2018ರಲ್ಲಿ ಕ್ಷೇತ್ರವೇ ಇಲ್ಲವಾಯಿತು.

ಅದರೊಳಗೆ ಎರಡು ನಗರಗಳಿದ್ದವು. ಬ್ರಾಮಲಿ ಬ್ರಾಂಪ್ಟನ್‌ಗೆ ಸೇರಿದ್ದು, ಹೊಲಗಳ ನಡುವೆ ಯೋಜನೆ ಹಾಕಿ ಕಟ್ಟಿದ ಉಪನಗರ. ಒಂದು ಭಾಗದ ಬೀದಿಗಳೆಲ್ಲ ಒಂದೇ ಇಂಗ್ಲಿಷ್ ಅಕ್ಷರದಿಂದ ಆರಂಭವಾಗುವುದನ್ನು ನೀವು ಗಮನಿಸಿರಬಹುದು. ಹಳಬರು ಈಗಲೂ ‘ನಾನು ಸಿ ಸೆಕ್ಷನ್‌ನವನು’ ಎಂದೇ ಹೇಳಿಕೊಳ್ಳುತ್ತಾರೆ. ಮಾಲ್ಟನ್ ಇರುವುದು ಮಿಸ್ಸಿಸ್ಸಾಗಾದಲ್ಲಿ, ವಿಮಾನ ನಿಲ್ದಾಣದ ಮಗ್ಗುಲಲ್ಲಿ. ಅಲ್ಲಿನ ಆವ್ರೊ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಆ್ಯರೋ ಯುದ್ಧವಿಮಾನದ ಯೋಜನೆಯನ್ನು 1959ರ ಫೆಬ್ರವರಿ 20ರಂದು ಸರ್ಕಾರ ರದ್ದು ಮಾಡಿದಾಗ ಸಾವಿರಾರು ಜನ ಒಂದೇ ದಿನದಲ್ಲಿ ಕೆಲಸ ಕಳೆದುಕೊಂಡರು. ಮುಂದಿನ ದಶಕಗಳಲ್ಲಿ ಅದೇ ಮಾಲ್ಟನ್‌ಗೆ ಪಂಜಾಬಿನಿಂದ, ಕೆರಿಬಿಯನ್ ದ್ವೀಪಗಳಿಂದ ಬಂದವರು ನೆಲೆಸಿದರು. ಟ್ಯಾಕ್ಸಿ, ಲಾರಿ, ಉಗ್ರಾಣ, ಕಾರ್ಖಾನೆಯ ರಾತ್ರಿ ಪಾಳಿ: ಇವೇ ಅವರ ಬದುಕಾದವು. ಕಾರಿಲ್ಲದೆ ಇಂಥ ಕೆಲಸಕ್ಕೆ ಹೋಗಿಬರುವುದು ಕಷ್ಟ ಎಂಬುದನ್ನು ಮುಂದಿನ ಮಾತಿಗಾಗಿ ನೆನಪಿಡಿ.

ಊರಿನಲ್ಲಿ ಕ್ಷೇತ್ರವೆಂದರೆ ಮೊದಲು ಜಾತಿ ಲೆಕ್ಕ ಹಾಕಿ ಅಭ್ಯಾಸ ನಮಗೆ. ಆ ಕಣ್ಣಿನಿಂದ ನೋಡಿದರೆ ಈ ಕ್ಷೇತ್ರ ಅರ್ಥವಾಗುವುದಿಲ್ಲ. 1999ರಲ್ಲಿ ಗೆದ್ದವರು ಕನ್ಸರ್ವೇಟಿವ್ ಪಕ್ಷದ ರಮಿಂದರ್ ಗಿಲ್. 2003ರಲ್ಲಿ ಅವರನ್ನು ಸೋಲಿಸಿದ ಲಿಬರಲ್ ಪಕ್ಷದ ವೈದ್ಯ ಕುಲ್ದೀಪ್ ಕುಲಾರ್ 2007ರಲ್ಲೂ ಗೆದ್ದರು. 2011ರಲ್ಲಿ ಕುಲಾರ್ ಅವರನ್ನು ಸೋಲಿಸಿದವರು ಎನ್‌ಡಿಪಿಯ (ನ್ಯೂ ಡೆಮಾಕ್ರಟಿಕ್ ಪಕ್ಷ) ವಕೀಲ ಜಗಮೀತ್ ಸಿಂಗ್. ಹನ್ನೆರಡು ವರ್ಷಗಳಲ್ಲಿ ಮೂರು ಪಕ್ಷಗಳು, ಮೂವರೂ ಪಂಜಾಬಿ ಮೂಲದವರು! ಸಮುದಾಯವೇ ಎಲ್ಲವನ್ನೂ ತೀರ್ಮಾನಿಸುವಂತಿದ್ದರೆ ಫಲಿತಾಂಶ ಹೀಗೆ ಅದಲುಬದಲಾಗುತ್ತಿರಲಿಲ್ಲ.

ಜಗಮೀತ್ ಸಿಂಗ್ ಅದೇ ವರ್ಷದ ಮೇ ತಿಂಗಳಲ್ಲಿ ಇದೇ ಹೆಸರಿನ ಸಂಸತ್ ಕ್ಷೇತ್ರಕ್ಕೆ ನಿಂತು, ಕನ್ಸರ್ವೇಟಿವ್ ಪಕ್ಷದ ಬಾಲ್ ಗೋಸಲ್ ಎದುರು ಕೇವಲ 539 ಮತಗಳಿಂದ ಸೋತಿದ್ದರು. ಅಕ್ಟೋಬರ್ 6ರಂದು ಪ್ರಾಂತೀಯ ಚುನಾವಣೆ. ಬ್ರಾಂಪ್ಟನ್, ಮಿಸ್ಸಿಸ್ಸಾಗಾ ಸೇರಿದ ಪೀಲ್ ಪ್ರದೇಶದಲ್ಲಿ ಎನ್‌ಡಿಪಿ ಅದುವರೆಗೆ ಪ್ರಾಂತೀಯ ಸ್ಥಾನ ಗೆದ್ದದ್ದೇ ಇರಲಿಲ್ಲ. ಆ ಶರತ್ಕಾಲದಲ್ಲಿ ನಾನೂ ಮನೆಮನೆಗೆ ಹೋಗುವ ತಂಡವೊಂದರ ಜೊತೆ ನಡೆದಿದ್ದೆ. ಕೈಯಲ್ಲಿ ಮನೆ ಸಂಖ್ಯೆಗಳ ಪಟ್ಟಿ, ಪ್ರತಿ ಹೆಸರಿನ ಮುಂದೆ ಒಂದು ಗುರುತು. ಬಾಗಿಲು ತೆರೆದವರಲ್ಲಿ ಹೆಚ್ಚಿನವರು ಪಕ್ಷದ ಹೆಸರು ಕೇಳುವ ಮೊದಲೇ ಕಾರು ವಿಮೆಯ ಮಾತು ತೆಗೆಯುತ್ತಿದ್ದರು. ಒಬ್ಬ ಹಿರಿಯ ಟ್ಯಾಕ್ಸಿ ಚಾಲಕರು ಒಳಗೆ ಹೋಗಿ ವಿಮೆಯ ಪತ್ರವನ್ನೇ ತಂದು ನಮ್ಮ ಕೈಗಿಟ್ಟರು. ಅಪಘಾತವಿಲ್ಲ, ದಂಡವಿಲ್ಲ, ಆದರೂ ಕಂತು ಏರುತ್ತಲೇ ಇತ್ತು.

ನೀವು ಇಷ್ಟು ತೆರುತ್ತಿರುವುದಕ್ಕೂ ಒಂದು ಕಾರಣ ನಿಮ್ಮ ವಿಳಾಸ. ಇಲ್ಲಿ ಕಂತು ನಿಗದಿಯಾಗುವಾಗ ನೀವು ಹೇಗೆ ಓಡಿಸುತ್ತೀರಿ ಎಂಬುದರ ಜೊತೆಗೆ ಎಲ್ಲಿ ವಾಸಿಸುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬ್ರಾಂಪ್ಟನ್‌ನ ಅಂಚೆ ಸಂಕೇತಗಳಿಗೆ ಪ್ರಾಂತ್ಯದಲ್ಲೇ ಅತಿ ದುಬಾರಿ ದರಗಳು ಬೀಳುತ್ತವೆ. ಜಗಮೀತ್ ಸಿಂಗ್ ಗೆದ್ದ ಮೇಲೆ ಈ ಪದ್ಧತಿ ನಿಲ್ಲಬೇಕೆಂದು ಖಾಸಗಿ ಮಸೂದೆ ತಂದರು. 2013ರಲ್ಲಿ ಬಹುಮತವಿಲ್ಲದ ಲಿಬರಲ್ ಸರ್ಕಾರದ ಮೇಲೆ ಎನ್‌ಡಿಪಿ ಒತ್ತಡ ಹೇರಿ, ವಿಮೆಯ ಕಂತನ್ನು ಸರಾಸರಿ ಶೇ 15ರಷ್ಟು ಇಳಿಸುವ ಮಾತು ಪಡೆಯಿತು. ಆ ಗುರಿಯನ್ನು ಸರ್ಕಾರ ಮುಟ್ಟಲೇ ಇಲ್ಲ. ನನಗೆ ಇಂದಿಗೂ ಅದರ ಸಿಟ್ಟಿದೆ. ಆದರೆ ನಮ್ಮ ಮನೆಬಾಗಿಲಿನ ಗೋಳು ಬಜೆಟ್ ಮಾತುಕತೆಯವರೆಗೆ ಹೋಗಿತ್ತು ಎಂಬುದೂ ನಿಜ.

ಜಗಮೀತ್ ಸಿಂಗ್ 2014ರಲ್ಲಿ ಮತ್ತೆ ಗೆದ್ದು, 2017ರ ಅಕ್ಟೋಬರ್‌ನಲ್ಲಿ ರಾಷ್ಟ್ರಮಟ್ಟದ ಎನ್‌ಡಿಪಿ ನಾಯಕರಾಗಿ ಸ್ಥಾನ ಬಿಟ್ಟರು. ಮುಂದಿನ ಜೂನ್‌ವರೆಗೆ ಕ್ಷೇತ್ರ ಖಾಲಿಯಿತ್ತು. ಆಮೇಲೆ ಹಳೆಯ ಕ್ಷೇತ್ರ ಹಂಚಿಹೋಯಿತು: ಬ್ರಾಂಪ್ಟನ್ ಈಸ್ಟ್‌ನಲ್ಲಿ ಅವರ ತಮ್ಮ ಗುರ್ರತನ್ ಸಿಂಗ್ ಎನ್‌ಡಿಪಿಯಿಂದ ಗೆದ್ದರೆ, ಮಿಸ್ಸಿಸ್ಸಾಗಾ–ಮಾಲ್ಟನ್ ಕನ್ಸರ್ವೇಟಿವ್ ಪಕ್ಷದ ದೀಪಕ್ ಆನಂದ್ ಪಾಲಾಯಿತು. 2022ರಲ್ಲಿ ಬ್ರಾಂಪ್ಟನ್‌ನ ಐದೂ ಸ್ಥಾನಗಳನ್ನು ಕನ್ಸರ್ವೇಟಿವ್ ಪಕ್ಷವೇ ಬಾಚಿಕೊಂಡಿತು. ಇಲ್ಲಿನ ಮತದಾರರು ಯಾರ ಜೇಬಿನಲ್ಲೂ ಇಲ್ಲ.

ಇನ್ನು ಕನ್ನಡಿಗರ ವಿಚಾರ. ಸಿರಾ ತಾಲ್ಲೂಕಿನಿಂದ ಬಂದ ಚಂದ್ರ ಆರ್ಯ ಅವರು ಒಟ್ಟಾವಾದ ನೆಪಿಯನ್‌ನಿಂದ 2015ರಿಂದ ಮೂರು ಬಾರಿ ಸಂಸತ್ತಿಗೆ ಆರಿಸಿಬಂದರು. 2022ರ ಮೇ ತಿಂಗಳಲ್ಲಿ ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದರು. ನೆಪಿಯನ್‌ನಲ್ಲಿ ಅವರನ್ನು ಗೆಲ್ಲಿಸುವಷ್ಟು ಕನ್ನಡಿಗರೇನೂ ಇಲ್ಲ. ಪಂಜಾಬಿಗಳಿಂದ ನಾವು ಕಲಿಯಬೇಕಾದದ್ದು ಬೇರೆಯೇ ಇದೆ. ಪಕ್ಷದ ಸ್ಥಳೀಯ ಸದಸ್ಯರು ಅಭ್ಯರ್ಥಿಯನ್ನು ಆರಿಸುವ ಸಭೆಗೆ ಅವರು ಕುಟುಂಬ ಸಮೇತ ಹೋಗುತ್ತಾರೆ. ನಾವು ರಾಜ್ಯೋತ್ಸವಕ್ಕೆ ಸಭಾಂಗಣ ತುಂಬಿಸುತ್ತೇವೆ, ಆ ಸಭೆಗೆ ಮಾತ್ರ ಹೋಗುವುದಿಲ್ಲ.

ಪೌರತ್ವ ಬರುವವರೆಗೆ ನೀವು ಮತ ಹಾಕುವಂತಿಲ್ಲ. ಆದರೆ ಪ್ರಚಾರದಲ್ಲಿ ಸ್ವಯಂಸೇವಕರಾಗಬಹುದು. ಪೌರತ್ವವಿಲ್ಲದವರಿಗೂ ಸದಸ್ಯತ್ವ ಕೊಡುವ ಪಕ್ಷಗಳಿವೆ, ನಿಯಮ ಕೇಳಿ ತಿಳಿದುಕೊಳ್ಳಿ. ಎಲೆಕ್ಷನ್ಸ್ ಒಂಟಾರಿಯೊ ಜಾಲತಾಣದಲ್ಲಿ ನಿಮ್ಮ ಅಂಚೆ ಸಂಕೇತ ಹಾಕಿದರೆ ಈಗಿನ ಕ್ಷೇತ್ರ ಯಾವುದೆಂದು ಗೊತ್ತಾಗುತ್ತದೆ. ಆರೋಗ್ಯ ಕಾರ್ಡ್‌ನಂಥ ಪ್ರಾಂತ್ಯದ ಕೆಲಸ ಸಿಕ್ಕಿಹಾಕಿಕೊಂಡರೆ ಪ್ರಾಂತೀಯ ಶಾಸಕರ ಸ್ಥಳೀಯ ಕಚೇರಿಗೆ ಹೋಗಿ. ವಲಸೆಯ ಕಡತವಾದರೆ ಸಂಸದರ ಕಚೇರಿಗೆ. ಅಲ್ಲಿ ನಿಮಗೆ ಮತವಿದೆಯೇ ಎಂದು ಯಾರೂ ಕೇಳುವುದಿಲ್ಲ. ವಿಮೆಯ ಪತ್ರವನ್ನೂ ಜೊತೆಗೆ ಒಯ್ಯಿರಿ.