ಬರಹಗಾರರಿಗೆ ಸಲಹೆ: ರಾಕ್ ತಾರೆಯರ ಮಕ್ಕಳ ಕುರಿತ ನಿಮ್ಮ ಲೇಖನ

ಪ್ರಿಯ ಲೇಖಕರೇ, ನಮಸ್ಕಾರ.

'ದೊಡ್ಡ ಮರದ ನೆರಳಲ್ಲಿ' ತಲುಪಿತು, ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಚೆನ್ನಾಗಿದೆ, ನೀವು ಹಾಡುಗಳನ್ನು ನಿಜವಾಗಿ ಕೇಳಿದ್ದೀರಿ ಎಂಬುದೂ ಅಲ್ಲಲ್ಲಿ ಗೊತ್ತಾಗುತ್ತದೆ. ಹಾಗಾಗಿ 'ವಿಷಾದದಿಂದ ಮರಳಿಸುತ್ತಿದ್ದೇವೆ' ಎಂದು ಒಂದೇ ಸಾಲಿನಲ್ಲಿ ಮುಗಿಸದೆ ಇಷ್ಟುದ್ದ ಬರೆಯುತ್ತಿದ್ದೇವೆ.

ಮೂರು ಸಾವಿರ ಪದಗಳಲ್ಲಿ ಹತ್ತೊಂಬತ್ತು ಜನರನ್ನು ತಂದು ನಿಲ್ಲಿಸಿದ್ದೀರಿ. ಒಬ್ಬೊಬ್ಬರಿಗೂ ಹುಟ್ಟಿದ ವರ್ಷ, ಅಪ್ಪನ ಹೆಸರು, ಒಂದು ಆಲ್ಬಂ, 'ಆದರೂ ತಂದೆಯ ಎತ್ತರ ಮುಟ್ಟಲಾಗಲಿಲ್ಲ' ಎಂಬ ಷರಾ. ಶಾಲೆಯ ಹಾಜರಿ ಪುಸ್ತಕ ಓದಿದ ಹಾಗಾಯಿತು. ಕೊನೆಗೆ 'ಪ್ರತಿಭೆ ರಕ್ತದಲ್ಲಿ ಬರುತ್ತದೆಯೇ?' ಎಂದು ಕೇಳಿ, ಉತ್ತರದ ಭಾರವನ್ನು ಓದುಗರ ತಲೆಗೆ ಕಟ್ಟಿದ್ದೀರಿ. ಆ ಪ್ರಶ್ನೆಯನ್ನು ಕೈಬಿಡಿ. ಉತ್ತರ ಸಿಗುವ ಪ್ರಶ್ನೆ ಬೇರೆ ಇದೆ: ಅಪ್ಪನಿಂದ ಈ ಮಗನ ಕೈಗೆ ಬಂದದ್ದಾದರೂ ಏನು? ದನಿಯೇ, ಡ್ರಮ್ ಸೆಟ್ಟೇ, ಬ್ಯಾಂಡಿನಲ್ಲಿ ಖಾಲಿಯಾದ ಜಾಗವೇ, ಅರ್ಧಕ್ಕೆ ನಿಂತ ರೆಕಾರ್ಡಿಂಗೇ, ಬರೀ ಹೆಸರೇ? ಹತ್ತೊಂಬತ್ತು ಹೆಸರಿನ ಮುಂದೆಯೂ ಇದನ್ನು ಒಂದೊಂದು ಸಾಲು ಬರೆದುಕೊಳ್ಳಿ. ಬರೆಯಲು ಏನೂ ತೋಚದ ಹೆಸರನ್ನು ಹೊಡೆದುಹಾಕಿ. ನಾಲ್ಕೈದು ಉಳಿದರೆ ಧಾರಾಳವಾಯಿತು.

ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್ ಮಗ ಜೂಲಿಯನ್ ಲೆನನ್ ಉಳಿಯಲೇಬೇಕು. ಆದರೆ 'ಜಾನ್ ಲೆನನ್ ಮಗನಾದ್ದರಿಂದ ಸುಲಭವಾಗಿ ಗೆದ್ದರು' ಎಂದು ದಾಟಿಸಿಬಿಟ್ಟಿದ್ದೀರಿ. ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಜಾನ್ ಕೊಲೆಯಾದದ್ದು 1980ರ ಡಿಸೆಂಬರ್ 8ರಂದು. ಅವರು ಬಿಟ್ಟುಹೋಗಿದ್ದ ಹಾಡುಗಳ ಆಲ್ಬಂ ಹೊರಬಂದದ್ದು 1984ರ ಜನವರಿಯಲ್ಲಿ. ಅದರಲ್ಲಿದ್ದ 'ನೋಬಡಿ ಟೋಲ್ಡ್ ಮಿ' ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ, ಬ್ರಿಟನ್ನಿನಲ್ಲಿ 6ನೇ ಸ್ಥಾನಕ್ಕೆ ಏರಿತು. ಅದೇ ವರ್ಷದ ಕೊನೆಯಲ್ಲಿ 21ರ ಜೂಲಿಯನ್ ಮೊದಲ ಆಲ್ಬಂ 'ವಲೋಟ್' ತಂದರು. ಅದರ 'ಟೂ ಲೇಟ್ ಫಾರ್ ಗುಡ್‌ಬೈಸ್' ಅಮೆರಿಕದಲ್ಲಿ 5, ಬ್ರಿಟನ್ನಿನಲ್ಲಿ 6. ಅದೇ ಸ್ಥಾನಗಳು! ಕೇಳುಗರು ಇನ್ನೂ ಅಪ್ಪನ ಹೊಸ ಹಾಡು ಕೇಳುತ್ತಿದ್ದಾಗಲೇ, ಅದನ್ನೇ ಹೋಲುವ ದನಿಯಲ್ಲಿ ಮಗನ ಹಾಡು ರೇಡಿಯೋದಲ್ಲಿ ಬಂತು. ಮಾರುಕಟ್ಟೆ ತೆರೆದದ್ದೂ ಆ ದನಿ, ಮುಂದೆ ಕಾಲಿಗೆ ತೊಡರಿದ್ದೂ ಅದೇ. 1986ರ ಎರಡನೇ ಆಲ್ಬಂಗೆ ಆ ಸ್ವಾಗತ ಸಿಗಲಿಲ್ಲ. ಈ ಭಾಗಕ್ಕೆ ಮುನ್ನೂರು ಪದ ಕೊಡಿ.

ತಪ್ಪುಗಳ ವಿಷಯ. ಜೂಲಿಯನ್‌ಗೆ 'ಹೊಸ ಕಲಾವಿದ' ಗ್ರ್ಯಾಮಿ ಬಂತು ಎಂದಿದ್ದೀರಿ. ಬಂದದ್ದು ನಾಮನಿರ್ದೇಶನ ಮಾತ್ರ. 1986ರಲ್ಲಿ ಆ ಪ್ರಶಸ್ತಿ ಗೆದ್ದವರು ಶಾಡೆ. ಜೆಫ್ ಬಕ್ಲಿ 'ಅಪ್ಪನ ತೊಡೆಯ ಮೇಲೆ ಕೂತು ಗಿಟಾರ್ ಕಲಿತರು' ಎಂಬುದಂತೂ ಕಥೆ. ಅಪ್ಪ, ಗಾಯಕ ಟಿಮ್ ಬಕ್ಲಿ, ಮಗ ಹುಟ್ಟುವ ಮೊದಲೇ ದೂರವಾಗಿದ್ದರು. ಜೆಫ್ ಅವರೊಡನೆ ಕಳೆದದ್ದು ಎಂಟರ ವಯಸ್ಸಿನಲ್ಲಿ ಕೆಲವೇ ದಿನ. ಅದಾಗಿ ಸ್ವಲ್ಪದರಲ್ಲೇ, 1975ರ ಜೂನ್‌ನಲ್ಲಿ, ಟಿಮ್ 28ರ ಹರೆಯದಲ್ಲಿ ತೀರಿಕೊಂಡರು. ಹುಡುಗ ಬೆಳೆದದ್ದು ಮಲತಂದೆಯ ಮೂರ್‌ಹೆಡ್ ಎಂಬ ಉಪನಾಮದಲ್ಲಿ. ನ್ಯೂಯಾರ್ಕಿನ ಸಂಗೀತ ವಲಯ ಅವರನ್ನು ಗಮನಿಸಿದ್ದು ಮಾತ್ರ 1991ರಲ್ಲಿ, ಬ್ರೂಕ್ಲಿನ್ನಿನ ಚರ್ಚೊಂದರಲ್ಲಿ ನಡೆದ ಟಿಮ್ ಸ್ಮರಣೆಯ ಕಾರ್ಯಕ್ರಮದಲ್ಲಿ ಹಾಡಿದಾಗ. ನಿಮ್ಮ 'ತೊಡೆ'ಗಿಂತ ಇದು ಎಷ್ಟೋ ಗಟ್ಟಿ ಸಂಗತಿ.

ಪ್ರಶಸ್ತಿ ಬರೆಯುವಾಗ ಗೆಲುವೋ ನಾಮನಿರ್ದೇಶನವೋ, ಸಮಾರಂಭದ ವರ್ಷವೋ ಹಾಡಿನ ವರ್ಷವೋ, ಎರಡನ್ನೂ ನೋಡಿ. ಪಟ್ಟಿಯ ಸ್ಥಾನ ಬರೆದರೆ ಯಾವ ದೇಶದ್ದೆಂದು ಹೇಳದೆ ಬಿಡಬೇಡಿ. ಬಾಬ್ ಡಿಲನ್ ಮಗ ಜೇಕಬ್ ಡಿಲನ್ ಭಾಗದಲ್ಲಿ ನೀವು ಎಡವಿದ್ದು ಪ್ರಶಸ್ತಿಯ ವರ್ಷದಲ್ಲೇ. ಅವರ 'ವಾಲ್‌ಫ್ಲವರ್ಸ್' ಬ್ಯಾಂಡಿನ ಮೊದಲ ಆಲ್ಬಂ 1992ರಲ್ಲಿ ಬಂದು ಮಾರಾಟವಾಗದೆ ಹೋಯಿತು, ಕಂಪನಿ ಬದಲಾಯಿತು, 1996ರ ಎರಡನೆಯದು ಗೆದ್ದಿತು. ಅದರ 'ಒನ್ ಹೆಡ್‌ಲೈಟ್'ಗೆ 1998ರ ಸಮಾರಂಭದಲ್ಲಿ ಎರಡು ಗ್ರ್ಯಾಮಿ. ಅದೇ ರಾತ್ರಿ ಬಾಬ್ ಡಿಲನ್‌ಗೆ ವರ್ಷದ ಆಲ್ಬಂ ಸೇರಿ ಮೂರು. ನೀವು ಹಾಡಿನ ವರ್ಷವನ್ನೇ ಪ್ರಶಸ್ತಿಯ ವರ್ಷ ಎಂದುಕೊಂಡದ್ದರಿಂದ ಅಪ್ಪ ಮಗ ಒಂದೇ ಸಂಜೆ ಗೆದ್ದದ್ದು ನಿಮ್ಮ ಕಣ್ಣಿಗೆ ಬೀಳಲೇ ಇಲ್ಲ. ಅಂದಹಾಗೆ, ಡಿಲನ್ ಎಂದೋ ಡೈಲಾನ್ ಎಂದೋ, ಒಂದನ್ನೇ ಹಿಡಿಯಿರಿ. ನಿಮ್ಮಲ್ಲಿ ಎರಡೂ ಇವೆ.

ಲೇಖನದ ಜೀವ ಇರುವುದು ನೀವು ಎರಡೇ ಸಾಲಿನಲ್ಲಿ ಮುಗಿಸಿದ ಡ್ರಮ್ಮರ್‌ಗಳಲ್ಲಿ. ಹಾಡುಗಾರನ ಮಗ ಅಪ್ಪನ ಜಾಗದಲ್ಲಿ ನಿಂತರೆ ಅನುಕರಣೆ ಎನ್ನುತ್ತಾರೆ. ಡ್ರಮ್ಮರನ ಮಗ ಕೂತರೆ ಚಪ್ಪಾಳೆ ತಟ್ಟುತ್ತಾರೆ. ಲೆಡ್ ಜೆಪ್ಲಿನ್ನಿನ ಜಾನ್ ಬೊನಮ್ 1980ರ ಸೆಪ್ಟೆಂಬರ್‌ನಲ್ಲಿ 32ರ ವಯಸ್ಸಿನಲ್ಲಿ ಸತ್ತಾಗ ಮಗ ಜೇಸನ್‌ಗೆ 14. ಅದೇ ಡಿಸೆಂಬರ್‌ನಲ್ಲಿ ಬ್ಯಾಂಡೇ ನಿಂತುಹೋಯಿತು. ಆದ್ದರಿಂದ 'ಕೊನೆಯ ಪ್ರವಾಸದಲ್ಲಿ ಮಗ ಸೇರಿಕೊಂಡ' ಎಂಬ ನಿಮ್ಮ ಸಾಲು ಹೋಗಬೇಕು. ಬ್ಯಾಂಡಿನ ಉಳಿದ ಸದಸ್ಯರೊಂದಿಗೆ ಜೇಸನ್ ನುಡಿಸಿದ್ದು 1988ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಆಮೇಲೆ 2007ರ ಡಿಸೆಂಬರ್ 10ರಂದು ಲಂಡನ್ನಿನ ಓಟು ಅರೇನಾದಲ್ಲಿ. ಓಟು ವೇದಿಕೆಯಲ್ಲಿ ಅವರಿಗೆ 41, ಅಪ್ಪ ಬದುಕಿದ್ದಕ್ಕಿಂತ ಒಂಬತ್ತು ವರ್ಷ ಹೆಚ್ಚು.

ಆ ರಾತ್ರಿಯ ಮೊದಲ ಹಾಡು 'ಗುಡ್ ಟೈಮ್ಸ್ ಬ್ಯಾಡ್ ಟೈಮ್ಸ್'. ಇದರ 1969ರ ಮೂಲವನ್ನು ಹೆಡ್‌ಫೋನ್ ಹಾಕಿ ಕೇಳಿ. ಮೊಬೈಲ್ ಸ್ಪೀಕರ್‌ನಲ್ಲಿ ಬಾಸ್ ಡ್ರಮ್ಮಿನ ಅಡಿಸದ್ದು ಬರುವುದೇ ಇಲ್ಲ. ಕಾಲಿನ ಪೆಟ್ಟು ಒಂದರ ಹಿಂದೊಂದು ಎಷ್ಟು ಬಿರುಸಾಗಿ ಬೀಳುತ್ತದೆಂದರೆ ಎರಡು ಪೆಡಲ್ ಇರಬೇಕು ಅನ್ನಿಸುತ್ತದೆ. ಜಾನ್ ಬೊನಮ್ ಅದನ್ನು ಒಂದೇ ಪೆಡಲಿನಲ್ಲಿ, ಒಂದೇ ಬಲಗಾಲಿನಲ್ಲಿ ಬಾರಿಸಿದ್ದರು. ಆಮೇಲೆ 2012ರಲ್ಲಿ ಬಿಡುಗಡೆಯಾದ ಓಟು ರೆಕಾರ್ಡಿಂಗ್ ಹಾಕಿ, ಅದೇ ಜಾಗಗಳಲ್ಲಿ ಕಿವಿ ಇಡಿ. ಮಗ ಎಲ್ಲಿ ಅಪ್ಪನನ್ನು ಅಕ್ಷರಶಃ ಹಿಡಿದಿದ್ದಾರೆ, ಎಲ್ಲಿ ಬಿಟ್ಟಿದ್ದಾರೆ ಎಂದು ನಿಮ್ಮ ಮಾತಿನಲ್ಲಿ ಬರೆಯಿರಿ. ಮೊದಲ ಪುಟದಲ್ಲೇ ಆರು ಸಲ ಬಂದಿರುವ 'ದಂತಕಥೆ' ಆಮೇಲೆ ಬೇಕಾಗುವುದಿಲ್ಲ.

ಪಕ್ಕದಲ್ಲಿ ಝಾಕ್ ಸ್ಟಾರ್ಕಿಯನ್ನು ಕೂರಿಸಿ. 'ತಂದೆಯ ಹಾದಿಯಲ್ಲೇ ನಡೆದವರು' ಎಂದಿದ್ದೀರಿ, ಆದರೆ ಬೀಟಲ್ಸ್ ಡ್ರಮ್ಮರ್ ರಿಂಗೋ ಸ್ಟಾರ್ ಅವರ ಈ ಮಗ ಹಿಡಿದದ್ದು ಬೇರೆಯವರ ಹಾದಿ. ಅವರಿಗೆ ಡ್ರಮ್ ಸೆಟ್ ಉಡುಗೊರೆ ಕೊಟ್ಟವರು 'ದ ಹೂ' ಬ್ಯಾಂಡಿನ ಡ್ರಮ್ಮರ್ ಕೀತ್ ಮೂನ್. ರಿಂಗೋ ಹಾಡಿಗೆ ಬೇಕಾದಷ್ಟೇ ಬಾರಿಸಿ ಸುಮ್ಮನಿರುವವರು. ಮೂನ್ ಕೈ ಒಂದು ಕ್ಷಣ ನಿಲ್ಲುತ್ತಿರಲಿಲ್ಲ. 1996ರಲ್ಲಿ ಝಾಕ್ ಹೋಗಿ ಕೂತದ್ದು ಆ ಮೂನ್ ಇದ್ದ ಜಾಗದಲ್ಲೇ, 2025ರಲ್ಲಿ ಬಿಡಬೇಕಾಗಿ ಬರುವ ತನಕ. ಒಬ್ಬರು ಅಪ್ಪನ ಸ್ಟೂಲಿನಲ್ಲಿ, ಇನ್ನೊಬ್ಬರು ಅಪ್ಪನ ಗೆಳೆಯನ ಸ್ಟೂಲಿನಲ್ಲಿ. ಈ ಇಬ್ಬರನ್ನೇ ಇಟ್ಟುಕೊಂಡು ಇಡೀ ಲೇಖನ ಬರೆದರೂ ನಮಗೆ ಸಂತೋಷವೇ.

ಗಿಟಾರ್ ವಾದಕ ಎಡ್ಡಿ ವಾನ್ ಹೇಲನ್ ಮಗ ವೂಲ್ಫ್‌ಗ್ಯಾಂಗ್ ವಾನ್ ಹೇಲನ್ ಬಗ್ಗೆ ನೀವು ಬರೆದದ್ದು ಸರಿಯಾಗಿದೆ, ಒಂದು ವಿವರ ಸೇರಿಸಿ: 2021ರ ಮೊದಲ ಆಲ್ಬಂನಲ್ಲಿ ಎಲ್ಲ ವಾದ್ಯವನ್ನೂ ಅವರೇ ನುಡಿಸಿ ಅವರೇ ಹಾಡಿದ್ದಾರೆ. ಧನಿ ಹ್ಯಾರಿಸನ್‌ಗೆ ಸಿಕ್ಕದ್ದು ಮುಗಿಯದ ಕೆಲಸ. ಅಪ್ಪ, ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್, ತೀರಿಕೊಂಡ ಮೇಲೆ ಸಂಗೀತಗಾರ ಜೆಫ್ ಲಿನ್ ಜೊತೆ ಕೂತು ಅವರು ಪೂರ್ತಿ ಮಾಡಿದ 'ಬ್ರೈನ್‌ವಾಷ್ಡ್' 2002ರಲ್ಲಿ ಬಂತು; ಅದರ 'ಮಾರ್ವಾ ಬ್ಲೂಸ್' ಗ್ರ್ಯಾಮಿ ಗೆದ್ದಿತು. ನಮ್ಮ ಓದುಗರಿಗೆ ರಾಗದ ಹೆಸರು ಥಟ್ಟನೆ ಹಿಡಿಯುತ್ತದೆ, ಬಿಡಬೇಡಿ.

ಹಣದ ಪ್ಯಾರಾ ಪೂರ್ತಿ ಹೊಸದಾಗಿ ಬರೆಯಬೇಕು. 'ಅಪ್ಪನ ಹಾಡಿನ ದುಡ್ಡು ಮಕ್ಕಳಿಗೆ' ಎಂದರೆ ಏನೂ ಹೇಳಿದಂತಾಗಲಿಲ್ಲ. ಹಾಡಿನ ರಚನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ರಚನೆಯ ಹಕ್ಕು ಬ್ರಿಟನ್ನಿನಲ್ಲಿ ಬರೆದವರು ಸತ್ತ ಮೇಲೆ 70 ವರ್ಷ, ಭಾರತದಲ್ಲಿ 60. ಇಬ್ಬರು ಸೇರಿ ಬರೆದಿದ್ದರೆ ಕೊನೆಗೆ ಸತ್ತವರಿಂದ ಲೆಕ್ಕ. ಬೀಟಲ್ಸ್ ಕಾಲದಲ್ಲಿ ರಿಂಗೋ ಒಬ್ಬರೇ ಬರೆದ ಹಾಡು ಎರಡೇ, ಹಾಗಾಗಿ ನಾಲ್ವರ ಮನೆಗೂ ಒಂದೇ ಅಳತೆ ಹಿಡಿಯಲಾಗದು. ಲೆನನ್–ಮೆಕಾರ್ಟ್ನಿ ಹಾಡುಗಳ ಪ್ರಕಾಶನದ ಹಕ್ಕು 1969ರಲ್ಲೇ ಕೈತಪ್ಪಿ, 1985ರಲ್ಲಿ ಮೈಕೆಲ್ ಜಾಕ್ಸನ್ ಕೈ ಸೇರಿತ್ತು. ಹೆಸರೂ ಆಸ್ತಿಯೇ. ಅಮೆರಿಕದ ರಾಕ್ ಸಂಗೀತಗಾರ ಫ್ರ್ಯಾಂಕ್ ಝಾಪಾ ಮಗ ಡ್ವೀಝಿಲ್ 2006ರಿಂದ 'ಝಾಪಾ ಪ್ಲೇಸ್ ಝಾಪಾ' ಹೆಸರಿನಲ್ಲಿ ಅಪ್ಪನ ಸಂಗೀತ ನುಡಿಸುತ್ತಿದ್ದರು. 2016ರಲ್ಲಿ ಒಡಹುಟ್ಟಿದವರ ಹಿಡಿತದಲ್ಲಿದ್ದ ಕುಟುಂಬದ ಟ್ರಸ್ಟೇ ಆ ಹೆಸರಿಗೆ ತಗಾದೆ ತೆಗೆಯಿತು. ತನ್ನದೇ ಉಪನಾಮಕ್ಕೆ ಮಗ ಅನುಮತಿ ಕೇಳಬೇಕಾದ ಈ ಪ್ರಸಂಗ ನಿಮ್ಮಲ್ಲಿ ಇಲ್ಲವೇ ಇಲ್ಲ.

ಕೊನೆಯ ಪುಟದಲ್ಲಿ ಕನ್ನಡ ಚಿತ್ರರಂಗದ ಕುಟುಂಬಗಳನ್ನು ತಂದಿದ್ದೀರಿ, ತೆಗೆಯಿರಿ. ನಾಯಕನಟನ ಮಗನಿಗೆ ಹಾಡು ಬರೆಯುವವರು, ರಾಗ ಹಾಕುವವರು, ಹಾಡುವವರು ಸಾಮಾನ್ಯವಾಗಿ ಬೇರೆ ಇರುತ್ತಾರೆ, ಹೋಲಿಕೆ ನಿಲ್ಲುವುದಿಲ್ಲ. ಹೋಲಿಸಲೇಬೇಕೆಂದಿದ್ದರೆ ಧಾರವಾಡ ಹತ್ತಿರದಲ್ಲೇ ಇದೆ. ಮಲ್ಲಿಕಾರ್ಜುನ ಮನಸೂರರ ಮಗ ರಾಜಶೇಖರ ಮನಸೂರರು ತಂದೆಯ ಘರಾಣೆಯ ಬಂದಿಶ್‌ಗಳನ್ನೇ ಹಾಡಿದರು; ಯಾರೂ ಅದನ್ನು ನಕಲು ಎನ್ನಲಿಲ್ಲ, ಹಾಡದಿದ್ದರೆ ಯಾಕೆಂದು ಕೇಳುತ್ತಿದ್ದರು. ಅದೇ ವೂಲ್ಫ್‌ಗ್ಯಾಂಗ್ ತಮ್ಮ ಕಛೇರಿಗಳಲ್ಲಿ ಅಪ್ಪನ ಹಾಡು ನುಡಿಸುವುದಿಲ್ಲ ಎಂದು ನಿಯಮ ಹಾಕಿಕೊಂಡವರು. ಈ ಎರಡು ಕೇಳ್ಮೆಯ ಪದ್ಧತಿಗಳ ನಡುವಿನ ಅಂತರಕ್ಕೆ ಒಂದು ಪ್ಯಾರಾ ಸಾಕು, ಅದು ಲೇಖನದ ಮಧ್ಯದಲ್ಲಿ ಬರಲಿ.

ತಿದ್ದಿದ ಪ್ರತಿ ಸಾವಿರದ ಐನೂರು ಪದ ಮೀರಬಾರದು. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಫೋಟೊಗಳನ್ನು ಲಗತ್ತಿಸಬೇಡಿ, ಅವುಗಳ ಹಕ್ಕು ನಮಗಿಲ್ಲ. ಕಳೆದ ಸಲದ ಫೈಲ್ ಹಳೆಯ ಆಸ್ಕಿ ಅಕ್ಷರದಲ್ಲಿತ್ತು. ಪರಿವರ್ತಿಸುವಾಗ ಒತ್ತಕ್ಷರಗಳೆಲ್ಲ ಚೆದುರಿ, ಅರ್ಧದಷ್ಟು ಹೆಸರುಗಳನ್ನು ಊಹಿಸಿ ಓದಬೇಕಾಯಿತು. ಈ ಸಲ ಯೂನಿಕೋಡಿನಲ್ಲಿ, ವರ್ಡ್ ಫೈಲ್ ಆಗಿ ಕಳಿಸಿ.

ಸಂಪಾದಕ