ಗಂಡನ ಮನೆಯಿಂದ ಹೊರಹಾಕಿದ ತಂಗಿಗೆ ಕಾಸರಗೋಡಿನಲ್ಲಿ ಲೈಫ್ ಮನೆ ಸಿಗುತ್ತದಾ?

ನೀವು ಕೇಳಿದ್ದು ಇಷ್ಟು: ಪುತ್ತೂರು ಕಡೆಗೆ ಮದುವೆ ಮಾಡಿಕೊಟ್ಟ ತಂಗಿಯನ್ನು ಎರಡು ಮಕ್ಕಳ ಸಮೇತ ಹೊರಹಾಕಿದ್ದಾರೆ. ಈಗ ಎಣ್ಮಕಜೆಯಲ್ಲಿ ನಿಮ್ಮ ಮನೆಯ ಚಾವಡಿಯಲ್ಲಿ ಮಲಗುತ್ತಿದ್ದಾಳೆ. ಜಾಗ ಸಾಲದು, ಮನೆಯೊಳಗೆ ಕಿರಿಕಿರಿ. ಮನೆ ಇಲ್ಲದವರಿಗೆ ಮನೆ ಕೊಡುವ ಕೇರಳ ಸರಕಾರದ ಲೈಫ್ ಮಿಷನ್‌ನಲ್ಲಿ ಅವಳಿಗೆ ಮನೆ ಸಿಗುತ್ತದಾ?

ಈಗಿರುವ ಹಾಗೆ ಸಿಗುವುದಿಲ್ಲ. ನಾನು ನಿಮ್ಮ ತಾಲೂಕಿನಲ್ಲೇ ಒಂದು ಅಕ್ಷಯ ಕೇಂದ್ರದಲ್ಲಿ, ಅಂದರೆ ಸರಕಾರಿ ಸೇವೆಗಳಿಗೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಕಡೆ, ಅರ್ಜಿ ತುಂಬಿಸುವವಳು. ಇಂಥ ಹೆಂಗಸರು ಬರುತ್ತಲೇ ಇರುತ್ತಾರೆ. ತವರಿನ ಚಾವಡಿ, ದೊಡ್ಡಮ್ಮನ ಮನೆಗೆ ತಾಗಿಸಿ ಇಳಿಸಿದ ಚಾಯ್ಪು, ಬಾಡಿಗೆ ಕಟ್ಟಲಾಗದ ಕ್ವಾರ್ಟರ್ಸ್ (ಇಲ್ಲಿ ಸಣ್ಣ ಬಾಡಿಗೆ ಮನೆಗೆ ಹೇಳುವುದು) ಹೀಗೆ ಓಡಾಡುತ್ತಿರುತ್ತಾರೆ. ಯಾರೂ ಬಸ್‌ಸ್ಟ್ಯಾಂಡಿನಲ್ಲಿ ಮಲಗುವುದಿಲ್ಲ, ಹಾಗಾಗಿ ಮನೆ ಇಲ್ಲದವರು ಅಂತ ಯಾರ ಕಣ್ಣಿಗೂ ಬೀಳುವುದಿಲ್ಲ. ಕೇರಳ ಸರಕಾರ 64,006 ಕುಟುಂಬಗಳನ್ನು ಅತಿ ಬಡವರೆಂದು ಗುರುತಿಸಿ, 2025ರ ನವೆಂಬರ್ 1ರಂದು ಅತಿ ಬಡತನ ಮುಗಿಯಿತು ಅಂತ ಘೋಷಿಸಿತು. ಅಣ್ಣನ ಚಾವಡಿಯಲ್ಲಿ ಮಲಗುವವಳು ಅಂಥ ಪಟ್ಟಿಗೆ ಹೇಗೆ ಬರುತ್ತಾಳೆ ಹೇಳಿ.

ತೊಡಕಿರುವುದು ರೇಶನ್ ಕಾರ್ಡಿನಲ್ಲಿ. ಲೈಫ್‌ನಲ್ಲಿ ಒಂದು ಕಾರ್ಡ್ ಅಂದರೆ ಒಂದು ಕುಟುಂಬ. 2020ರಲ್ಲಿ ಅರ್ಜಿ ಕರೆದಾಗಲೂ ಅದೇ ಲೆಕ್ಕ. ಕಾರ್ಡಿನಲ್ಲಿರುವ ಒಬ್ಬರಿಗೆ ಮನೆ ಇದ್ದರೂ ಉಳಿದವರಿಗೆಲ್ಲ ಮನೆ ಇದ್ದ ಹಾಗೆ. ನಿಮ್ಮ ತಂಗಿಯ ಹೆಸರು ಇನ್ನೂ ಅತ್ತೆಯ ಕಾರ್ಡಿನಲ್ಲಿದೆ, ಅದೂ ಕರ್ನಾಟಕದ್ದು. ಅದನ್ನು ತೆಗೆಸಿ ನಿಮ್ಮ ಕಾರ್ಡಿಗೆ ಸೇರಿಸಿದರೆ ಕೆಲಸ ಇನ್ನೂ ಕೆಡುತ್ತದೆ, ಯಾಕೆಂದರೆ ನಿಮಗೆ ಮನೆ ಇದೆಯಲ್ಲ. ಹೆಚ್ಚಿನವರು ಪ್ರೀತಿಯಿಂದ ಮಾಡುವುದು ಇದನ್ನೇ. ಅವಳಿಗೆ ಮತ್ತು ಮಕ್ಕಳಿಗೆ ಬೇರೆಯೇ ಕಾರ್ಡ್ ಮಾಡಿಸಿ.

ಆದರೆ ಆತುರ ಬೇಡ. ಎರಡು ಕಾರ್ಡಿನಲ್ಲಿ ಹೆಸರು ಇರುವಂತಿಲ್ಲ, ಅಲ್ಲಿ ತೆಗೆಸಿದ ಪ್ರಮಾಣಪತ್ರ ಬೇಕು. ಇಲ್ಲಿಯ ಅರ್ಜಿಗೆ ಬೇಕಾದ ವಾಸದ ದಾಖಲೆ ಎಲ್ಲ ಕೈಗೆ ಬಂದ ಮೇಲೆ ಅಲ್ಲಿಂದ ತೆಗೆಸಿ. ಅಷ್ಟರವರೆಗೆ, ಅದು ಬಿಪಿಎಲ್ ಕಾರ್ಡ್ ಆಗಿದ್ದರೆ, ಆಧಾರ್ ಜೋಡಿಸಿದ್ದರೆ, ಪೆರ್ಲದ ರೇಶನ್ ಅಂಗಡಿಯಲ್ಲೇ ಬೆರಳೊತ್ತಿ ಅಕ್ಕಿ ತರಬಹುದು. ದೇಶಕ್ಕೆಲ್ಲ ಒಂದೇ ಕಾರ್ಡ್ ಅನ್ನುವ ವ್ಯವಸ್ಥೆ ಅದಕ್ಕೇ ಇರುವುದು. ಅವಳ ಪಾಲಿನಷ್ಟೇ ತಂದರೂ ಆಗುತ್ತದೆ.

ಮನೆಯಲ್ಲಿ ಇರುವುದೇ ಕಷ್ಟ ಅಂತಾದರೆ ಹೆಂಗಸರ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ದೌರ್ಜನ್ಯಕ್ಕೊಳಗಾದ ಹೆಂಗಸರಿಗೆ ನೆರವಾಗುವ ಸಖಿ ಕೇಂದ್ರದಲ್ಲಿ ಸಾಮಾನ್ಯವಾಗಿ 5 ದಿನ ಇರಬಹುದು. ಕೇರಳದ ಹೆಂಗಸರ ಸಂಘಗಳ ಜಾಲವಾದ ಕುಟುಂಬಶ್ರೀಯ ಸ್ನೇಹಿತಾ ನೆರವು ಕೇಂದ್ರದಲ್ಲೂ ತಾತ್ಕಾಲಿಕ ಆಸರೆ ಉಂಟು. ಜಾಸ್ತಿ ದಿನಕ್ಕಾದರೆ ಕೇಂದ್ರದ ಶಕ್ತಿ ಸದನ ಅಂತ ಇದೆ, ಆದರೆ ಅಲ್ಲಿ ತಾಯಿ ಜೊತೆ ಇರುವ ಗಂಡುಮಕ್ಕಳಿಗೆ 12 ವರ್ಷದ ಮಿತಿ. ತಂಗಿಯ ಮಗನಿಗೆ ಎಷ್ಟು ವರ್ಷ ಅಂತ ನೀವು ಬರೆದಿಲ್ಲ. ಮಕ್ಕಳ ಶಾಲೆಗೆ ಟಿಸಿ ಬರಲಿ ಅಂತ ಕಾಯಬೇಡಿ. ಟಿಸಿ ತಡವಾಯಿತು ಅಂತ ಸೇರಿಸದೆ ಇರುವಂತಿಲ್ಲ, ಶಿಕ್ಷಣ ಹಕ್ಕಿನ ಕಾಯಿದೆಯಲ್ಲಿ ಹಾಗೆ ಇದೆ.

ಇನ್ನು ನೀವು ಕೇಳದೆ ಬಿಟ್ಟದ್ದು. ಅವಳು ಆ ಮನೆ ಬಿಟ್ಟುಕೊಡಬೇಕು ಅಂತ ಯಾರು ಹೇಳಿದ್ದು? 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ 17ನೇ ಸೆಕ್ಷನ್ ಪ್ರಕಾರ ಗಂಡನೊಂದಿಗೆ ಬಾಳಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ, ಮನೆ ಯಾರ ಹೆಸರಲ್ಲೇ ಇರಲಿ. ಅತ್ತೆ ಮಾವನ ಹೆಸರಲ್ಲಿದ್ದರೂ ಅದು ಅನ್ವಯಿಸಬಹುದು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅಲ್ಲಿಗೆ ಮರಳುವ ಮನಸ್ಸಿಲ್ಲದಿದ್ದರೆ ಬೇರೆ ಮನೆ ಅಥವಾ ಬಾಡಿಗೆ ಕೊಡಿ ಅಂತ ಕೋರ್ಟ್ ಗಂಡನಿಗೆ ಆದೇಶ ಮಾಡಬಹುದು, 19ನೇ ಸೆಕ್ಷನ್ನಿನಲ್ಲಿ. ಕ್ವಾರ್ಟರ್ಸ್ ಬಾಡಿಗೆಯಾದರೂ ಹುಟ್ಟುತ್ತದೆ ಅಲ್ವಾ? ಗಡಿ ದಾಟಿ ಪುತ್ತೂರು ಕೋರ್ಟಿಗೆ ಅಲೆಯಬೇಕಾಗಿಲ್ಲ. ಅವಳು ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು, ಅಂದರೆ ಕಾಸರಗೋಡಿನಲ್ಲೇ. ವಕೀಲರ ಖರ್ಚೂ ಇಲ್ಲ. ಕಾನೂನು ಸೇವಾ ಪ್ರಾಧಿಕಾರದಿಂದ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ನಂಬರ್ 15100.

ಸರಕಾರಿ ಕಚೇರಿಗೆ ಹಾಕುವ ಅರ್ಜಿಯನ್ನು ಕನ್ನಡದಲ್ಲೇ ಬರೆಯಲಿ. ಇಲ್ಲಿಯ ಕನ್ನಡಿಗರು ಸರಕಾರದ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು ಅಂತ 1969ರ ಕೇರಳ ಭಾಷಾ ಕಾಯಿದೆಯ ಕಾಲದಿಂದಲೂ ಇದೆ. ಉತ್ತರ ಮಲಯಾಳದಲ್ಲಿ ಬಂದರೆ ಓದಿಸಿಕೊಳ್ಳುವುದು ನಮಗೆ ಹೊಸತೇನಲ್ಲ.

ಕೊನೆಗೆ ನಿಮ್ಮ ಜಾಗದ ಮಾತು, ಬೇಸರ ಮಾಡಬೇಡಿ. ತಂದೆ ತೀರಿಹೋದರು, ಅವರ 22 ಸೆಂಟ್ಸ್ ಇದೆ ಅಂತ ಬರೆದಿದ್ದೀರಿ. ಅದು ಅವರ ಸ್ವಂತ ಜಾಗವಾಗಿದ್ದು, ವಿಲ್ ಬರೆಯದೆ ಹೋಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ತಾಯಿಗೆ, ನಿಮಗೆ, ತಂಗಿಗೆ ಸಮಪಾಲು. ಮದುವೆಗೆ ಚಿನ್ನ ಹಾಕಿದ್ದೇವೆ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಜಾಗವೂ ಇಲ್ಲದವರು ಲೈಫ್‌ನಲ್ಲಿ ವರ್ಷಗಟ್ಟಲೆ ಕಾಯುತ್ತಾರೆ. ಸ್ವಂತ ಜಾಗ ಇದ್ದವರಿಗೆ ಕಟ್ಟಲು 4 ಲಕ್ಷ ರೂಪಾಯಿ ಕೊಡುತ್ತಾರೆ, ಪಟ್ಟಿಯಲ್ಲಿ ಹೆಸರು ಬಂದರೆ. ಹೊಸ ಪಟ್ಟಿಗೆ ಯಾವಾಗ ಅರ್ಜಿ ಕರೆಯುತ್ತಾರೆ ಅಂತ ವಾರ್ಡ್ ಮೆಂಬರನ್ನು ಆಗಾಗ ಕೇಳುತ್ತಿರಿ. ಅವಳ ಪಾಲನ್ನು ಈಗಲೇ ರಿಜಿಸ್ಟ್ರಿ ಮಾಡಿಕೊಟ್ಟು, ವಿಲೇಜ್ ಆಫೀಸಿನಲ್ಲಿ ಅವಳ ಹೆಸರಲ್ಲಿ ತೆರಿಗೆ ಕಟ್ಟಿಸಿ ರಶೀದಿ ತೆಗೆದಿಡಿ. ಅವಳ ಅತ್ತಿಗೆ, ಅಂದರೆ ನಿಮ್ಮ ಹೆಂಡತಿ, ಒಪ್ಪುತ್ತಾರಾ ಅನ್ನುವುದಕ್ಕೆ ನನ್ನ ಹತ್ತಿರ ಫಾರ್ಮ್ ಇಲ್ಲ.