ಸಿಟಿಯಲ್ಲಿದ್ದುಕೊಂಡು ಬೇಟೆ ಕಲಿಯುವುದು ಹೇಗೆ? ಬಂದೂಕು ಕೊನೆಗೆ ಕೊಳ್ಳಿ

ಹುಟ್ಟಿ ಬೆಳೆದದ್ದೆಲ್ಲ ಸಿಟಿಯಲ್ಲೇ, ಮನೆಯಲ್ಲಿ ಯಾರೂ ಬೇಟೆಗಾರರಿಲ್ಲ, ಇರುವುದು ಅಪಾರ್ಟ್‌ಮೆಂಟ್‌ನಲ್ಲಿ, ಮೊದಲು ಯಾವ ರೈಫಲ್ ಕೊಳ್ಳಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಯಾವುದೂ ಬೇಡ. ನಾನೂ ಸಿಟಿಯವನೇ, ದೊಡ್ಡವನಾದ ಮೇಲೆ ಬೇಟೆ ಕಲಿತವನು. ಗುರಿ ಹೊಡೆಯುವುದು ಬೇಗ ಕೈಗೆ ಹತ್ತಿತು. ಸುಮ್ನೆ ಕೂರುವುದು ಹತ್ತಲಿಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಶೋಕಿಗೆ ಕಾಡುಪ್ರಾಣಿ ಬೇಟೆಯಾಡುವುದು ಅಪರಾಧ. ಲೈಸೆನ್ಸ್ ಕೊಟ್ಟು, ಸೀಸನ್ ಗೊತ್ತುಮಾಡಿ ಬೇಟೆಗೆ ಬಿಡುವ ದೇಶದಲ್ಲಿ ನೀವಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ.

ಅಂಥ ಕಡೆ ಶುರುವಾಗುವುದೇ ಬೇಟೆ ಕಲಿಸುವ ಕೋರ್ಸ್‌ನಿಂದ. ಜರ್ಮನಿಯಲ್ಲಂತೂ ಬರೆಯುವ ಪರೀಕ್ಷೆ, ಬಾಯಿ ಮಾತಿನ ಪರೀಕ್ಷೆ, ಗುರಿ ಹೊಡೆಯುವ ಪರೀಕ್ಷೆ ಮೂರೂ ಪಾಸಾಗಬೇಕು. ಕೆಲವು ಕಡೆ ಆನ್‌ಲೈನ್‌ನಲ್ಲೇ ಮುಗಿಸಬಹುದು. ಆದರೆ ನೀವು ಆದಷ್ಟು ಎದುರಿಗೆ ಕೂತು ಕಲಿಯುವ ಕೋರ್ಸ್‌ಗೇ ಸೇರಿ. ಪಾಠಕ್ಕಿಂತ ಜಾಸ್ತಿ ಲಾಭ ಅಲ್ಲಿ ಸಿಗುವ ಜನರಿಂದ. ಹಳೆಯ ಬೇಟೆಗಾರರಿಗೆ ಭಾರ ಹೊರಲು, ಜೊತೆಗೆ ನಡೆಯಲು ಒಬ್ಬ ಯಾವಾಗಲೂ ಬೇಕಾಗಿರುತ್ತಾನೆ. "ಬಂದೂಕು ತರುವುದಿಲ್ಲ, ಸುಮ್ನೆ ಜೊತೆಗೆ ಬರಲಾ?" ಅಂತ ಕೇಳಿ ನೋಡಿ. ಬೇಡ ಅನ್ನುವವರು ಕಡಿಮೆ. ಮೊದಲ ಸೀಸನ್ ಪೂರ್ತಿ ಹೀಗೆ ಬರಿಗೈಯಲ್ಲಿ ತಿರುಗಿದರೂ ನಷ್ಟವಿಲ್ಲ.

ವಾರದ ದಿನಗಳಲ್ಲಿ ಏನು ಮಾಡುವುದು? ಹತ್ತಿರದ ದೊಡ್ಡ ಪಾರ್ಕ್‌ಗೆ ಬೆಳಿಗ್ಗೆ ಬೇಗ ಹೋಗಿ, ಮರಕ್ಕೆ ಒರಗಿ ಕೂರಿ. ಫೋನ್ ಬೇಡ. ಮೊದಲು ಏನೂ ಕಾಣುವುದಿಲ್ಲ, ಕಾಲು ಜೋಮು ಹಿಡಿಯುತ್ತದೆ ಅಷ್ಟೆ. ಸ್ವಲ್ಪ ಹೊತ್ತಾದ ಮೇಲೆ ಹಕ್ಕಿಗಳು ನಿಮ್ಮನ್ನು ಮರೆತು ಅವುಗಳ ಕೆಲಸಕ್ಕೆ ಹೋಗುತ್ತವೆ. ಆಗ ನೀವು ಕೈ ಎತ್ತಿದರೆ ಯಾವುದು ಹಾರುತ್ತದೆ, ಎಷ್ಟು ನಿಧಾನ ಎತ್ತಿದರೆ ಹಾರುವುದಿಲ್ಲ, ಇದೆಲ್ಲ ತಿಳಿಯುತ್ತದೆ. ಕಾಡಿನಲ್ಲಿ ರೈಫಲ್ ಭುಜಕ್ಕೇರಿಸುವಾಗ ಬೇಕಾಗುವುದು ಇದೇ ನಿಧಾನ.

ಗಾಳಿಯನ್ನೂ ಅಲ್ಲೇ ಕಲಿಯಬಹುದು. ಚಿಕ್ಕ ಡಬ್ಬಿಯಲ್ಲಿ ಟಾಲ್ಕಂ ಪೌಡರ್ ಇಟ್ಟುಕೊಳ್ಳಿ, ಚಿಟಿಕೆ ಉದುರಿಸಿ ಎತ್ತ ಹೋಗುತ್ತದೆ ನೋಡಿ. ಮುಖಕ್ಕೆ ತಾಗುವ ಗಾಳಿ ಒಂದು ಕಡೆ, ಹತ್ತು ಹೆಜ್ಜೆ ಆಚೆ ಇನ್ನೊಂದು ಕಡೆ ಇರುತ್ತದೆ. ಗುಡ್ಡದ ಜಾಗಗಳಲ್ಲಿ ಬಿಸಿಲೇರಿದ ಮೇಲೆ ಗಾಳಿ ಮೇಲಕ್ಕೆ ಹತ್ತುತ್ತದೆ, ಸಂಜೆ ತಂಪಾದಾಗ ಇಳಿಜಾರಿಗೆ ಇಳಿಯುತ್ತದೆ. ನಿಮ್ಮ ವಾಸನೆಯೂ ಅದರ ಜೊತೆಗೇ ಹೋಗುತ್ತದೆ. ಜಿಂಕೆಯ ಮೂಗಿಗೆ ವಾಸನೆ ಸಿಕ್ಕಿತು ಅಂದರೆ ಅವತ್ತಿನ ಆಟ ಮುಗಿಯಿತು. ಕಣ್ಣಿನ ವಿಷಯ ಬೇರೆ. ಜಿಂಕೆಗೆ ಕೆಂಪು, ಕಿತ್ತಳೆ ಬಣ್ಣ ನಮಗೆ ಕಂಡಂತೆ ಕಾಣುವುದಿಲ್ಲ, ನೀಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಬೇಟೆಗಾರರು ಕಣ್ಣು ಕುಕ್ಕುವ ಕಿತ್ತಳೆ ಜಾಕೆಟ್ ಹಾಕಿಕೊಂಡೇ ಕೂತಿರುತ್ತಾರೆ. ಇನ್ನೊಬ್ಬ ಬೇಟೆಗಾರನಿಗೆ ಕಾಣಬೇಕು, ಮಿಕಕ್ಕಲ್ಲ. ನೀಲಿ ಜೀನ್ಸ್ ಮಾತ್ರ ಮನೆಯಲ್ಲೇ ಬಿಡಿ.

ಇನ್ನೊಂದು ತಮಾಷೆ ನೋಡಿ. ಅನುಮಾನ ಬಂದ ಜಿಂಕೆ ಮೇಯುವವರ ಹಾಗೆ ತಲೆ ತಗ್ಗಿಸುತ್ತದೆ, ತಕ್ಷಣ ಮತ್ತೆ ಎತ್ತುತ್ತದೆ. ಹುಲ್ಲು ಬಾಯಿಗೆ ಹೋಗಿರುವುದೇ ಇಲ್ಲ. ನೀವು ಅಲುಗಾಡುತ್ತೀರಾ ಅಂತ ಪರೀಕ್ಷೆ ಅದು. ತಲೆ ತಗ್ಗಿತಲ್ಲ ಅಂತ ಸರಿದಾಡಿದರೆ ಕೆಟ್ಟಿರಿ.

ಗುರಿ ಅಭ್ಯಾಸಕ್ಕೆ ಸಿಟಿ ಅಡ್ಡಿಯಲ್ಲ. 10 ಮೀಟರ್ ಏರ್ ರೈಫಲ್ ರೇಂಜ್ ಎಷ್ಟೋ ನಗರಗಳಲ್ಲಿದೆ. ಉಸಿರು, ಟ್ರಿಗರ್ ಒತ್ತುವ ಹದ ಎರಡಕ್ಕೂ ಅಷ್ಟು ಸಾಕು. ದೊಡ್ಡ ರೈಫಲ್‌ಗೆ ಬಂದಾಗ ಬೆಂಚಿನ ಮೇಲೆ ಮೊಣಕೈ ಊರಿ ಹೊಡೆದದ್ದನ್ನೇ ನಂಬಬೇಡಿ, ಕಾಡಿನಲ್ಲಿ ಬೆಂಚ್ ಎಲ್ಲಿಂದ ಬರಬೇಕು? ಕೂತು ಹೊಡೆಯಿರಿ, ಮಂಡಿಯೂರಿ ಹೊಡೆಯಿರಿ, ಕೋಲಿಗೆ ಆನಿಸಿ ಹೊಡೆಯಿರಿ. ಸುಮಾರು 15 ಸೆಂಟಿಮೀಟರ್ ಅಗಲದ ತಟ್ಟೆಯಷ್ಟು ಜಾಗದಲ್ಲಿ ಎಲ್ಲ ಗುಂಡೂ ಬೀಳುವ ದೂರ ಯಾವುದೋ ಅದೇ ನಿಮ್ಮ ಗಡಿ. ಅದು 60 ಮೀಟರ್ ಆದರೆ 60 ಮೀಟರ್. ಪಕ್ಕದವನು 300ಕ್ಕೆ ಹೊಡೆದೆ ಅಂತ ಹೇಳಿಕೊಳ್ಳಲಿ ಬಿಡಿ.

ನಳಿಗೆ ಯಾರ ಕಡೆಗೂ ತಿರುಗಬಾರದು, ಹೊಡೆಯುವವರೆಗೆ ಬೆರಳು ಟ್ರಿಗರ್ ಮೇಲೆ ಇರಬಾರದು, ಯಾವ ಬಂದೂಕನ್ನೂ ಖಾಲಿ ಅಂದುಕೊಳ್ಳಬಾರದು. ಇವನ್ನೆಲ್ಲ ಕೋರ್ಸ್‌ನಲ್ಲಿ ತಲೆಗೆ ತುಂಬುತ್ತಾರೆ. ಹೊಸಬರು ಮರೆಯುವುದು ಮಿಕದ ಹಿಂದೆ ಏನಿದೆ ಅಂತ ನೋಡುವುದನ್ನು. ಆಟಿಕೆ ಅನ್ನಿಸಿಕೊಳ್ಳುವ .22 ಅಳತೆಯ ಸಣ್ಣ ಗುಂಡೂ ಒಂದೂವರೆ ಕಿಲೋಮೀಟರ್‌ಗಿಂತ ಜಾಸ್ತಿ ದೂರ ಹೋಗಬಲ್ಲದು. ದಿಣ್ಣೆಯ ನೆತ್ತಿಯಲ್ಲಿ, ಹಿಂದೆ ಬರೀ ಆಕಾಶ ಇಟ್ಟುಕೊಂಡು ನಿಂತ ಜಿಂಕೆ ಎಷ್ಟೇ ಚೆನ್ನಾಗಿ ಕಂಡರೂ ಈಡು ಹಾರಿಸಬಾರದು. ಹಿಂದೆ ಮಣ್ಣಿನ ದಿಬ್ಬ ಇರಬೇಕು.

ಈಡು ಬಿದ್ದ ಮೇಲಿನ ಕೆಲಸವನ್ನು ಯಾರೂ ವಿಡಿಯೋದಲ್ಲಿ ಸರಿಯಾಗಿ ತೋರಿಸುವುದಿಲ್ಲ. ಮಿಕ ಅಡ್ಡಕ್ಕೆ ನಿಂತಿರುವಾಗ ಮುಂಗಾಲಿನ ಹಿಂದೆ, ಎದೆಗೂಡಿನ ಮಧ್ಯದಿಂದ ಸ್ವಲ್ಪ ಕೆಳಗೆ ಹೊಡೆದರೆ ಶ್ವಾಸಕೋಶ, ಹೃದಯಕ್ಕೆ ತಾಗುತ್ತದೆ. ಹಾಗೆ ತಾಗಿದ್ದೂ ಎಷ್ಟೋ ಸಲ ನೂರು ಮೀಟರ್ ಓಡಿಬಿಡುತ್ತದೆ. ಹಿಂದೆಯೇ ಓಡಬೇಡಿ. ಕೊನೆಗೆ ಕಂಡ ಜಾಗವನ್ನು ಒಂದು ಮರವನ್ನೋ ಕಲ್ಲನ್ನೋ ಹಿಡಿದು ನೆನಪಿಟ್ಟುಕೊಂಡು ಅರ್ಧ ಗಂಟೆ ಕಾಯಿರಿ. ಆಮೇಲೆ ಮೊದಲು ನೋಡುವುದು ರಕ್ತದ ಬಣ್ಣ. ತಿಳಿಗೆಂಪು, ನೊರೆ ನೊರೆಯಾಗಿದ್ದರೆ ಶ್ವಾಸಕೋಶ, ಹತ್ತಿರದಲ್ಲೇ ಬಿದ್ದಿರುತ್ತದೆ. ಕಪ್ಪುಗೆಂಪಾಗಿದ್ದರೆ ಲಿವರ್, ಇನ್ನೂ ಕೆಲವು ಗಂಟೆ ಕಾಯಬೇಕು. ಹಸಿರು ಬೆರೆತು ಕೆಟ್ಟ ವಾಸನೆ ಬಂದರೆ ಹೊಟ್ಟೆಗೆ ತಾಗಿದೆ. ಆರೆಂಟು ಗಂಟೆ ಬಿಡಬೇಕು, ಇಲ್ಲದಿದ್ದರೆ ಎಬ್ಬಿಸಿ ಓಡಿಸಿದ ಹಾಗಾಗುತ್ತದೆ. ಆ ಹೊತ್ತು ತುಂಬಾ ಹಿಂಸೆಯದು. ಜಾಡು ಹುಡುಕುವಷ್ಟು ತಾಳ್ಮೆ ಇಲ್ಲದವರು ಟ್ರಿಗರ್ ಮುಟ್ಟಲೇಬಾರದು ಅನ್ನುವುದು ನನ್ನ ಅಭಿಪ್ರಾಯ.

ಇಷ್ಟಾದ ಮೇಲೂ ಮನಸ್ಸಿದ್ದರೆ ಬಂದೂಕು ಕೊಳ್ಳಿ. ನಿಮಗೆ ಕಲಿಸಿದವರು ಯಾವ ಅಳತೆಯದ್ದು ಇಟ್ಟುಕೊಂಡಿದ್ದಾರೋ ಅದೇ ಸಾಕು, ತೋಟೆ ಸಾಲಕ್ಕಾದರೂ ಸಿಗುತ್ತದೆ. ದುಡ್ಡು ಉಳಿದರೆ ಒಳ್ಳೆಯ 8x42 (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಲೆನ್ಸಿನ) ಬೈನಾಕ್ಯುಲರ್‌ಗೆ ಹಾಕಿ, ಬೂಟಿಗೆ ಹಾಕಿ. ಅಪಾರ್ಟ್‌ಮೆಂಟ್‌ನಲ್ಲಿ ಬಂದೂಕಿಗೆ ಗೋಡೆಗೆ ಬಿಗಿದ ಲಾಕರ್ ಇರಲಿ, ತೋಟೆಗೆ ಬೇರೆ ಬೀಗ. ಲಾಕರ್ ಬಗ್ಗೆ ನಿಮ್ಮಲ್ಲಿನ ನಿಯಮ ಏನು ಹೇಳುತ್ತದೆ ಅಂತ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಹಾಗೇ ನಿಮ್ಮ ಫ್ರೀಜರ್‌ನ ಅಳತೆಯನ್ನೂ ನೋಡಿಟ್ಟುಕೊಳ್ಳಿ. ಮಿಕ ಬಿದ್ದ ತಕ್ಷಣ ಕರುಳು ತೆಗೆದು ಮೈ ತಣ್ಣಗಾಗಿಸಬೇಕು, ಆದಷ್ಟು ಬೇಗ 4 ಡಿಗ್ರಿಗಿಂತ ಕೆಳಗೆ ತರಬೇಕು, ಇಲ್ಲದಿದ್ದರೆ ಮಾಂಸ ಕೆಡುತ್ತದೆ. ಒಂದು ಜಿಂಕೆಯ ಮಾಂಸ ಮಾಮೂಲಿ ಫ್ರಿಜ್‌ನ ಮೇಲಿನ ಖಾನೆಯಲ್ಲಿ ಖಂಡಿತ ಹಿಡಿಸುವುದಿಲ್ಲ. ಅದಕ್ಕೇ ಮೊದಲ ಬೇಟೆಗೆ ಮೊಲದಂಥ ಚಿಕ್ಕದೇ ವಾಸಿ. ಸುಲಿಯುವುದು, ಕೊಯ್ಯುವುದು ಅಡುಗೆಮನೆಯ ಸಿಂಕ್ ಹತ್ತಿರವೇ ಮುಗಿಯುತ್ತದೆ.